ಅಳಿಯದ ಚುಕ್ಕೆ

ಸಾರಜನಕದ ಹರಿವು ಏರಿಸಿದವಳು ನಾನೇ. ಯಾರೂ ಹೇಳಿರಲಿಲ್ಲ.

ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕಿನಲ್ಲಿ ಬರಹ ಹೊರುವುದು ಜರ್ಮೇನಿಯಮ್, ಆಂಟಿಮನಿ, ಟೆಲ್ಲೂರಿಯಮ್ ಬೆರೆತ ತೆಳು ಪದರ. ನಾವು ಬಳಸುತ್ತಿದ್ದದ್ದು 2:2:5ರ ಮಿಶ್ರಣ. ಲೇಸರಿನ ಜೋರು ಪಲ್ಸ್ ಅದನ್ನು 600 ಡಿಗ್ರಿ ದಾಟಿಸಿ ಕರಗಿಸುತ್ತದೆ. ತಕ್ಷಣ ತಣಿಯುವುದರಿಂದ ಪರಮಾಣುಗಳಿಗೆ ಸಾಲುಗೂಡಲು ಪುರುಸೊತ್ತೇ ಸಿಗದು, ಅಡ್ಡಾದಿಡ್ಡಿಯಾಗಿ ನಿಂತುಬಿಡುತ್ತವೆ. ಆ ಮಂಕು ಚುಕ್ಕೆಯೇ ಬರಹ. ಅಳಿಸಬೇಕೆಂದರೆ ಕರಗದಷ್ಟು ಹದದ ಶಾಖ ಕೊಟ್ಟು ಸ್ಫಟಿಕವಾಗಲು ಬಿಡಬೇಕು. ಹೊಳಪು ವಾಪಸು ಬರುತ್ತದೆ.

ತೊಂದರೆಯೆಂದರೆ ನಮ್ಮ ಫಿಲ್ಮ್ ಬಿಸಿ ಮಾಡುತ್ತ ಹೋದರೆ 150 ಡಿಗ್ರಿಯ ಆಸುಪಾಸಿನಲ್ಲೇ ತಾನಾಗಿ ಸ್ಫಟಿಕವಾಗುತ್ತಿತ್ತು. ಬರಹ ಬಾಳಬೇಕಾದರೆ ಇದು ಮೇಲಕ್ಕೆ ಹೋಗಬೇಕು. ಅದಕ್ಕೇ ಸ್ಪಟರಿಂಗ್ ಮಾಡುವಾಗ, ಅಂದರೆ ಅನಿಲದ ಅಯಾನುಗಳಿಂದ ಬಡಿದೆಬ್ಬಿಸಿದ ಪರಮಾಣುಗಳನ್ನು ಗಾಜಿನ ಮೇಲೆ ಪದರವಾಗಿ ಕೂರಿಸುವಾಗ, ಆರ್ಗಾನಿನ ಜೊತೆ ಸಾರಜನಕ.

ಅಂದು ಬೆಳಿಗ್ಗೆ ಫಿಲ್ಮನ್ನು ಹಾಟ್ ಸ್ಟೇಜ್ ಮೇಲಿಟ್ಟು, ನಾಲ್ಕು ಸೂಜಿಯ ಪ್ರೋಬ್ ಊರಿ ಕೂತೆ. 160, 170, 190. ಫಿಲ್ಮ್ ಸ್ಫಟಿಕವಾದರೆ ಅದರ ವಿದ್ಯುತ್ ರೋಧ ಇಳಿಯಬೇಕು; ರೋಧದ ಗೆರೆ ಕುಸಿಯಲೇ ಇಲ್ಲ. 215ಕ್ಕೆ ಹೋದಾಗ ಧೊಪ್ಪನೆ ಬಿತ್ತು. ನಾನು ಕುಣಿದದ್ದೊಂದು ಬಾಕಿ. ನೋಟ್‌ಬುಕ್ಕಿನಲ್ಲಿ ‘ಯಶಸ್ವಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಮ್ಮ ಸರ್ ಗ್ರಾಫ್ ನೋಡಿ, “ಚೆನ್ನಾಗಿದೆ. ಅಳಿಸಿ ನೋಡಿದೆಯಾ?” ಅಂದರು.

ನೋಡಿರಲಿಲ್ಲ. ಮಧ್ಯಾಹ್ನ ಅದೇ ಮಿಶ್ರಣದ ತುಂಡೊಂದಕ್ಕೆ ಲೇಸರ್ ಹಿಡಿದೆ. ಮೊದಲ ಪಲ್ಸಿಗೇ ಚುಕ್ಕೆಯ ಬದಲು ತೂತು! ಮೇಲೆ ಸತುವಿನ ಸಲ್ಫೈಡ್ ಮತ್ತು ಸಿಲಿಕಾದ ರಕ್ಷಣಾ ಪದರ ಹಾಕಿರದ ತುಂಡದು. ಕರಗಿದ ಫಿಲ್ಮಿಗೆ ಮುಚ್ಚಳವಿಲ್ಲದಿದ್ದರೆ ಅದು ಸರಿದುಹೋಗುತ್ತದೆ, ಆವಿಯೂ ಆಗುತ್ತದೆ. ಪಾಠದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಪದರವಿದ್ದ ತುಂಡಿನಲ್ಲಿ ಚುಕ್ಕೆ ಅಚ್ಚುಕಟ್ಟಾಗಿ ಮೂಡಿತು. ಅಳಿಸುವ ಪಲ್ಸ್ 50 ನ್ಯಾನೊಸೆಕೆಂಡ್ ಕೊಟ್ಟೆ. ಚುಕ್ಕೆ ಹಾಗೇ ಇತ್ತು. 100ಕ್ಕೂ ಹಾಗೇ. 300ಕ್ಕೆ ಅಂಚು ಸ್ವಲ್ಪ ಹೊಳೆಯಿತು, ನಡು ಮಾತ್ರ ಮಂಕು. ಸಾರಜನಕವಿಲ್ಲದ ಹಳೆಯ ಫಿಲ್ಮಿನಲ್ಲಿ ಅದೇ ಲೇಸರ್, ಅದೇ 50; ಚುಕ್ಕೆ ಪತ್ತೆಯಿಲ್ಲ.

ಸ್ಫಟಿಕವಾಗದೆ ಹಟ ಹಿಡಿಯಲಿ ಅಂತಲೇ ತಾನೆ ಬೆರೆಸಿದ್ದು? ಲೇಸರ್ ಹೇಳಿದಾಗಲೂ ಅದು ಹಟ ಬಿಡಲಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಅಲುಗಬಾರದು, ಅಳಿಸುವಾಗ ಕ್ಷಣದಲ್ಲಿ ಮಣಿಯಬೇಕು: ಒಂದೇ ಫಿಲ್ಮಿನಿಂದ ಎರಡನ್ನೂ ಕೇಳುತ್ತಿದ್ದೇವೆ ಎಂಬುದು ಆ ಮಂಕು ನಡುವನ್ನು ನೋಡುವವರೆಗೆ ನನಗೆ ಹೊಳೆದಿರಲಿಲ್ಲ.

ಮಾರನೆಯ ದಿನ ಹರಿವನ್ನು ಅರ್ಧಕ್ಕಿಳಿಸಿದೆ. ರೋಧ 180ರ ಹತ್ತಿರ ಬಿತ್ತು. ಚುಕ್ಕೆ ಅಳಿಯಲು 100 ನ್ಯಾನೊಸೆಕೆಂಡ್ ಬೇಕಾಯಿತು. ‘ಯಶಸ್ವಿ’ ಎಂಬುದರ ಮುಂದೆ ಪ್ರಶ್ನೆಯ ಗುರುತು ಹಾಕಿ, ಮುಂದಿನ ಫಿಲ್ಮಿಗೆ ಗಾಜು ತೊಳೆಯಲು ಹೋದೆ.