ಕೊಟ್ಟಿಗೆಹಾರ ಕಂಡ ಮೇಲೆ

ಜೂನ್ 30, 2019, ಭಾನುವಾರ
ಕೊಲೊರಾಡೊ ಸ್ಪ್ರಿಂಗ್ಸ್, ಅಮೆರಿಕ, ರಾತ್ರಿ 10.40

ಅಪ್ಪ ಮಲಗಿದ್ದಾರೆ. ಬೆಳಗಿನ ಜಾವ ಎರಡಕ್ಕೇ ಎದ್ದಿದ್ದರೂ ನನಗೆ ನಿದ್ದೆ ಹತ್ತುತ್ತಿಲ್ಲ. ಬರೆದಾದರೂ ಮಲಗೋಣ ಅಂತ ಕೂತೆ.

ಇಲ್ಲಿನ ಪೈಕ್ಸ್ ಪೀಕ್ ಬೆಟ್ಟವನ್ನು ಕಾರು, ಬೈಕುಗಳಲ್ಲಿ ಹತ್ತುವ ರೇಸಿಗೆ ಅಪ್ಪನನ್ನು ಕರೆದುಕೊಂಡು ಹೋಗಬೇಕು ಅನ್ನುವುದು ನಾಲ್ಕು ವರ್ಷದ ಆಸೆ. ಅವರು ಮೂಡಿಗೆರೆ ಕಡೆ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. 31 ವರ್ಷದ ಸರ್ವಿಸಿನಲ್ಲಿ ಹೆಚ್ಚಿನದು ಚಾರ್ಮಾಡಿ ಘಾಟಿಯಲ್ಲೇ ಕಳೆದದ್ದು. ಘಾಟಿಯನ್ನೇ ಉಂಡು ಉಟ್ಟವರ ಪಕ್ಕ ನಿಂತು ಈ ಬೆಟ್ಟ ನೋಡಬೇಕು, ಅವರು ಏನು ಹೇಳುತ್ತಾರೋ ಕೇಳಬೇಕು ಅಂತಿತ್ತು.

ರಸ್ತೆ ಮುಚ್ಚುವ ಮೊದಲೇ ಮೇಲೆ ಹೋಗಿ ಸೇರಬೇಕು. ಒಮ್ಮೆ ಸೇರಿದರೆ ರೇಸು ಪೂರ್ತಿ ಮುಗಿಯುವವರೆಗೆ ಇಳಿಯುವ ಹಾಗಿಲ್ಲ. ಡೆವಿಲ್ಸ್ ಪ್ಲೇಗ್ರೌಂಡ್ ಅನ್ನುವ ಜಾಗದಲ್ಲಿ ಕಾರು ನಿಲ್ಲಿಸಿದಾಗ ಇನ್ನೂ ಕತ್ತಲು. 12,000 ಅಡಿ ದಾಟಿದ ಎತ್ತರ, ಒಂದು ಮರವಿಲ್ಲ, ಬರೀ ಕೆಂಗಲ್ಲು. ಅಪ್ಪ ಸ್ವೆಟರಿನ ಮೇಲೆ ನನ್ನ ಜಾಕೆಟ್, ಅದರ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ಕೂತರು. ಚೀಲದಲ್ಲಿದ್ದ ಚಿಪ್ಸ್ ಪೊಟ್ಟಣ ಬಲೂನಿನ ಹಾಗೆ ಊದಿಕೊಂಡಿತ್ತು. ಅದನ್ನು ಒತ್ತಿ ನೋಡಿ, "ಗಾಳಿನೇ ಇಲ್ವಲ್ಲೋ ಇಲ್ಲಿ, ಇಂಜಿನ್ ಏನು ಉಸಿರಾಡ್ತದೆ?" ಅಂದರು.

ಸರಿಯಾದ ಪ್ರಶ್ನೆ. 9,390 ಅಡಿಯಲ್ಲಿ ಹೊರಟು 14,115 ಅಡಿಯಲ್ಲಿ ಮುಗಿಯುವ ದಾರಿ ಇದು. ಸುಮಾರು 20 ಕಿಲೋಮೀಟರ್, 156 ತಿರುವು. ಮೇಲೆ ಹೋದಷ್ಟೂ ಗಾಳಿ ತೆಳುವಾಗಿ, ತುದಿ ಮುಟ್ಟುವ ಹೊತ್ತಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ ತನ್ನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಳೆದುಕೊಂಡಿರುತ್ತದೆ. ಹೋದ ವರ್ಷ ರೊಮೇನ್ ಡುಮಾ ಓಡಿಸಿದ ಫೋಕ್ಸ್‌ವ್ಯಾಗನ್ನಿನ ಕರೆಂಟ್ ಕಾರಿಗೆ ಆ ಕಷ್ಟವಿರಲಿಲ್ಲ. 7 ನಿಮಿಷ 57.148 ಸೆಕೆಂಡಿನಲ್ಲಿ ತುದಿ ಮುಟ್ಟಿತ್ತು. ಎಂಟು ನಿಮಿಷದೊಳಗೆ ಈ ಬೆಟ್ಟ ಹತ್ತಿದ್ದು ಅದೇ ಮೊದಲು. 1916ರಲ್ಲಿ ಮೊದಲ ರೇಸು ಗೆದ್ದವನಿಗೆ 20 ನಿಮಿಷ 55 ಸೆಕೆಂಡ್ ಹಿಡಿದಿತ್ತು.

ಬೆಳಕು ಹರಿಯುವವರೆಗೂ ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನ ಕಾಫಿ, ಹಳೇ ಕಥೆಗಳು. 1988ರಲ್ಲಿ ರ‍್ಯಾಲಿ ಚಾಲಕ ಆರಿ ವಾಟನೆನ್ ಇಲ್ಲಿನ ಮಣ್ಣಿನ ರಸ್ತೆಯಲ್ಲಿ ಪ್ಯೂಜೊ ಕಾರನ್ನು ಅಡ್ಡಡ್ಡ ಜಾರಿಸುತ್ತಾ, ಬಿಸಿಲು ಕಣ್ಣಿಗೆ ಹೊಡೆದಾಗ ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ಒಂದೇ ಕೈಯಲ್ಲಿ ಓಡಿಸಿದ್ದನ್ನು ಹೇಳಿದೆ. ಅಪ್ಪನಿಗೆ ಅದು ಅರ್ಥವಾದಷ್ಟು ನನಗೂ ಆಗಿರಲಿಲ್ಲ. ಸಂಜೆ ಟ್ರಿಪ್ಪಿನಲ್ಲಿ ಉಜಿರೆ ಕಡೆ ಇಳಿಯುವಾಗ ಪಡುವಣದ ಬಿಸಿಲು ನೇರ ಮುಖಕ್ಕೆ. ಎಷ್ಟೋ ತಿರುವನ್ನು ಕಣ್ಣಿಲ್ಲದೆ ಕೈ ನೆನಪಿನಲ್ಲೇ ತಿರುಗಿಸಿದ್ದೇನೆ ಅಂದರು.

ಈಗ ಮಣ್ಣಿನ ರಸ್ತೆ ಇಲ್ಲ, 2011ಕ್ಕೆ ಪೂರ್ತಿ ಡಾಂಬರಾಯಿತು ಅಂದೆ. ಅಪ್ಪ ಖುಷಿಪಡಲಿಲ್ಲ. "ಮಣ್ಣಿನಲ್ಲಿ ಗಾಡಿ ಜಾರೋಕೆ ಮುಂಚೆ ಹೇಳ್ತದೆ ಮಗಾ. ಡಾಂಬರು ಕೊನೇವರೆಗೂ ಹಿಡಿದುಕೊಂಡಿದ್ದು ಒಂದೇ ಸಲ ಬಿಟ್ಟುಬಿಡ್ತದೆ." ಈ ಮಾತು ಇಡೀ ದಿನ ತಲೆಯಲ್ಲಿ ಕೂತಿತ್ತು. ಅದರ ಮೇಲೆ ಇಲ್ಲಿ ಚಳಿಗಾಲದಲ್ಲಿ ನೀರು ನೆಲದೊಳಗೆ ಹೆಪ್ಪುಗಟ್ಟಿ ಉಬ್ಬಿ, ಮೇಲಿನ ಭಾಗದ ಡಾಂಬರು ಅಲ್ಲಲ್ಲಿ ಅಲೆಯಾಗಿ ಎದ್ದಿರುತ್ತದೆ.

ಬೆಳಗ್ಗೆ ಬೈಕುಗಳು. ಮೊದಲು ಸದ್ದು. ಕೆಳಗಿನ ಯಾವುದೋ ಮಡಿಕೆಯಲ್ಲಿ ಹುಟ್ಟಿ, ಬಂಡೆಯ ಹಿಂದೆ ಸತ್ತು, ಮತ್ತೆ ಹತ್ತಿರದಲ್ಲಿ ಏಳುತ್ತದೆ. ಬೈಕು ಕಣ್ಣಿಗೆ ಬೀಳುವುದು ಮೂರೋ ನಾಲ್ಕೋ ಸೆಕೆಂಡು ಅಷ್ಟೆ. ಸವಾರನ ಮೊಣಕಾಲು ನೆಲಕ್ಕೆ ತಾಗುವಂತಿತ್ತು, ಆಚೆ ಕಡೆ ತಡೆಗೋಡೆಯಿಲ್ಲ, ಅದರಾಚೆ ಆಕಾಶ. ನನ್ನ ಎದೆ ಹೊಡೆದುಕೊಂಡಿದ್ದು ಸುಳ್ಳಲ್ಲ. ಇದಕ್ಕೋಸ್ಕರವೇ ಪ್ರತಿ ವರ್ಷ ಬರುತ್ತೇನೆ.

ಅಪ್ಪ ನೋಡಿದ್ದು ಬೈಕನ್ನಲ್ಲ, ಹೆಲ್ಮೆಟ್ಟನ್ನು. "ನೋಡು, ಈ ತಿರುವಿನಲ್ಲಿ ಇದ್ದುಕೊಂಡೇ ಮುಂದಿನದನ್ನ ನೋಡ್ತಿದಾನೆ." ಆಮೇಲೆ, "ಇವರಿಗೆ ಈ ರಸ್ತೆ ಎಷ್ಟು ಸಲ ಸಿಗ್ತದೆ?" ಅಂದರು. ಅಭ್ಯಾಸವೆಲ್ಲ ತುಂಡು ತುಂಡು ಅಂತ ಹೇಳಿದೆ. ಒಂದು ದಿನ ಕೆಳಗಿನ ಭಾಗ, ಒಂದು ದಿನ ನಡುವಿನದು, ಒಂದು ದಿನ ಮೇಲಿನದು, ಅದೂ ಪ್ರವಾಸಿಗರಿಗೆ ಬಾಗಿಲು ತೆರೆಯುವ ಮೊದಲು. ಬುಡದಿಂದ ತುದಿವರೆಗೆ ಒಂದೇ ಓಟದಲ್ಲಿ ಏರುವುದು ರೇಸಿನ ದಿನ ಮಾತ್ರ, ಒಂದೇ ಒಂದು ಸಲ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

2012ರಲ್ಲಿ ಇದೇ ಜಾಗದಲ್ಲಿ ಒಂದು ಮಿತ್ಸುಬಿಷಿ ಕಾರು ರಸ್ತೆ ಬಿಟ್ಟು ಕಲ್ಲಿನ ಇಳಿಜಾರಿನಲ್ಲಿ ಉರುಳುರುಳಿ ಹೋಗಿತ್ತು, ಒಳಗಿದ್ದ ಇಬ್ಬರೂ ಬದುಕಿದರು. ಕಾರಿನೊಳಗಿನ ಕಬ್ಬಿಣದ ಪಂಜರ ಕಾಪಾಡಿತು ಅಂದೆ. "ಬೈಕಿನವರಿಗೆ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಕಾರ್ಲಿನ್ ಡನ್ ನಮ್ಮ ಮುಂದಿನಿಂದಲೇ ಹೋದ. ಡುಕಾಟಿಯ ಹೊಸ ಸ್ಟ್ರೀಟ್‌ಫೈಟರ್ ವಿ4, ಇನ್ನೂ ಮಾರುಕಟ್ಟೆಗೆ ಬಾರದ ಗಾಡಿ. ಈ ಬೆಟ್ಟವನ್ನು ನಾಲ್ಕು ಸಲ ಗೆದ್ದವನು, 2012ರಲ್ಲಿ ಬೈಕಿನಲ್ಲಿ ಹತ್ತು ನಿಮಿಷದೊಳಗೆ ಹತ್ತಿದವನು. ಅಪ್ಪನ ಭುಜ ತಟ್ಟಿ ತೋರಿಸಿದೆ. "ಇವನು ಗಾಡಿ ಜೊತೆ ಜಗಳ ಆಡ್ತಿಲ್ಲ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಸ್ವಲ್ಪ ಹೊತ್ತಿಗೆ ರೇಸು ನಿಂತಿತು. ಯಾಕೆ ಅಂತ ಗೊತ್ತಾಗಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ. ಆಮೇಲೆ ಮತ್ತೆ ಶುರುವಾಯಿತು, ಕಾರುಗಳು ಹೋದವು, ನೋಡಿದೆವು. ಆದರೆ ಅಪ್ಪ ಆಗಾಗ ಮೇಲಿನ ತಿರುವಿನ ಕಡೆಯೇ ಕತ್ತೆತ್ತುತ್ತಿದ್ದರು.

ಸಂಜೆ ಮನೆಗೆ ಬಂದು ಓದಿದೆ. ಅಲ್ಲಿಯವರೆಗೆ ಎಲ್ಲರಿಗಿಂತ ಮುಂದಿದ್ದ ಡನ್, ಗುರಿಗೆ ಕಾಲು ಮೈಲಿಯೂ ಉಳಿದಿರದ ಜಾಗದಲ್ಲಿ ಬಿದ್ದು ತೀರಿಕೊಂಡ. 36 ವರ್ಷ. ಕಾಲು ಮೈಲಿ ಅಂದರೆ 400 ಮೀಟರ್. ಬೈಕುಗಳ ಹೊಸ ದಾಖಲೆಯೂ ಇವತ್ತೇ ಆಗಿದೆ, ರೆನ್ನಿ ಸ್ಕೇಸ್‌ಬ್ರೂಕ್, 9 ನಿಮಿಷ 44.963. ಆ ಸುದ್ದಿ ಓದಿ ಮುಗಿಸಲಾಗಲಿಲ್ಲ.

ಅಪ್ಪನಿಗೆ ಹೇಳದೆ ಇರೋಣ ಅಂದುಕೊಂಡೆ, ಆಗಲಿಲ್ಲ. ಅನ್ನದ ತಟ್ಟೆ ಮುಂದೆ ಕೈ ಹಾಗೇ ನಿಂತಿತು. "ಕೊಟ್ಟಿಗೆಹಾರ ಕಂಡ ಮೇಲೇ ನಮಗೆ ಜಾಸ್ತಿ ಭಯ ಇರ್ತಿತ್ತು," ಅಂದರು. "ಘಾಟಿ ಮುಗೀತು ಅಂತ ಮೈ ಸಡಿಲ ಆಗ್ತದೆ. ಇವನಿಗೆ ಹಾಗಾಯ್ತು ಅಂತಲ್ಲ. ಇವನು ಸಡಿಲ ಬಿಡೋ ಪೈಕಿ ಅಲ್ಲ, ನಾನೇ ನೋಡಿದೀನಲ್ಲ."

ಮುಂದಿನ ವರ್ಷ ಹೋಗುತ್ತೇನಾ? ಹೋಗುತ್ತೇನೆ ಅಂತಲೇ ಅನಿಸುತ್ತದೆ. ಹಾಗೆ ಅನಿಸುವುದೇ ಈ ರಾತ್ರಿ ನನ್ನನ್ನು ಮಲಗಲು ಬಿಡುತ್ತಿಲ್ಲ. ಆ ಮೂರು ಸೆಕೆಂಡಿಗೆ ನಾನು ಚಪ್ಪಾಳೆ ಹೊಡೆದಿದ್ದೆ.

ಮಲಗುವ ಮುಂಚೆ ಅಪ್ಪ ಒಂದು ನಾಣ್ಯ ಕೇಳಿದರು. ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿ ಮುಂದೆ ಒಂದು ದಿನವೂ ಬಸ್ಸು ನಿಧಾನ ಮಾಡದೆ ದಾಟಿದವರಲ್ಲ. ಊರಿಗೆ ಹೋದಮೇಲೆ ಅಲ್ಲಿ ಹಾಕುತ್ತಾರಂತೆ. ಕ್ವಾರ್ಟರ್, ಅಂದರೆ ಇಲ್ಲಿನ 25 ಸೆಂಟಿನ ನಾಣ್ಯ, ಕೊಟ್ಟೆ. "ಆ ಹುಡುಗನ ಹೆಸರು ಕನ್ನಡದಲ್ಲಿ ಬರೆದುಕೊಡು, ಅಲ್ಲಿ ಹೋದಾಗ ಮರೆತುಹೋಗ್ತದೆ," ಅಂದರು. ಬಿಲ್ಲಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದೆ. ಅದರಲ್ಲೇ ನಾಣ್ಯ ಸುತ್ತಿ, ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡು ಮಲಗಿದ್ದಾರೆ.