ನೇರಳೆ ಬೇರಿನಲ್ಲಿ ಕೊನೆಗೂ ನೀಲಿ ಹತ್ತಿತು

ಕಂಡಿತು! ನೇರಳೆಯ ಕಿರುಬೇರಿನ ಒಂದು ಕೋಶದೊಳಗೆ ನುಣ್ಣಗೆ ಕವಲೊಡೆದ ಅರ್ಬಸ್ಕ್ಯೂಲ್ (ಬೇರಿನಲ್ಲಿ ಬಾಳುವ ಶಿಲೀಂಧ್ರ ಗಿಡದೊಂದಿಗೆ ಕೊಡುಕೊಳ್ಳುವ ಪುಟ್ಟ ಪೊದೆ), ಅದರಾಚೆ ಅಡ್ಡಗೋಡೆಗಳಿಲ್ಲದ ಉದ್ದನೆಯ ಎಳೆ, ಎಳೆಯ ತುದಿಯಲ್ಲಿ ಮೊಟ್ಟೆಯಾಕಾರದ ವೆಸಿಕಲ್, ಅಂದರೆ ಶಿಲೀಂಧ್ರದ ದಾಸ್ತಾನು ಚೀಲ. ಎಲ್ಲವೂ ಅಚ್ಚ ನೀಲಿ. ಸೂಕ್ಷ್ಮದರ್ಶಕಕ್ಕೆ ನಲವತ್ತರ ಮಸೂರ ಹಾಕಿ ನೋಡುತ್ತಿದ್ದಾಗ ನನಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ಗರಿಕೆಯ ಬೇರಿನಲ್ಲಿ ಇದನ್ನು ಯಾರು ಬೇಕಾದರೂ ತೋರಿಸಬಹುದು. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ ನೇರಳೆಯಲ್ಲಿ ತೋರಿಸುವುದು ಬೇರೆಯೇ ಕೆಲಸ.

ಗಿಡಗಳು ಶಿಲೀಂಧ್ರದ ಎಳೆಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆಯೇ ಎಂದು ನೋಡಲು ಮನೆಯಲ್ಲೇ ಪ್ರಯೋಗ ಮಾಡುತ್ತಿದ್ದೇನೆ. ಅದಕ್ಕಾಗಿ ಪೆಟ್ಟಿಗೆ ಕಟ್ಟಿದ್ದು, ಬೆಟ್ಟದ ಮಣ್ಣು ಜರಡಿ ಹಿಡಿದದ್ದು, ಸಸಿ ನೆಟ್ಟದ್ದರ ವಿವರ ಬಿಟ್ಟುಬಿಡುತ್ತೇನೆ. ಎರಡು ಸಸಿ, ನಡುವೆ ಜಾಲರಿ ಬಟ್ಟೆ. ಬೇರು ದಾಟಬಾರದು, ಶಿಲೀಂಧ್ರದ ಎಳೆ ದಾಟಬೇಕು. ಒಂದು ಸಸಿಗೆ ಹುಳು ಬಿಟ್ಟರೆ ಇನ್ನೊಂದಕ್ಕೆ ಸುದ್ದಿ ಮುಟ್ಟುತ್ತದೆಯೇ ಎನ್ನುವುದು ಕೊನೆಯ ಪ್ರಶ್ನೆ. ಆದರೆ ಅಲ್ಲಿಗೆ ಹೋಗುವ ಮೊದಲು ಎರಡೂ ಬೇರಿನಲ್ಲಿ ಶಿಲೀಂಧ್ರ ಸೇರಿಕೊಂಡಿದೆ ಎಂದು ಕಣ್ಣಾರೆ ಕಾಣಬೇಕು. ಸಾಲ ಮರದಂತಹ ಡಿಪ್ಟೆರೋಕಾರ್ಪ್ ಕುಟುಂಬದ ಮರಗಳಾದರೆ ಬೇರಿನ ತುದಿಗೆ ಶಿಲೀಂಧ್ರ ಹೊರಗಿನಿಂದಲೇ ಕವಚ ತೊಡಿಸುತ್ತದೆ, ಕೈಮಸೂರ ಸಾಕು. ನಮ್ಮ ಕಾಡಿನ ಹೆಚ್ಚಿನ ಮರಗಳಲ್ಲಿ ಅದು ಬೇರಿನ ಒಳಗೆ ಹೊಕ್ಕಿರುತ್ತದೆ. ಬಣ್ಣ ಹಾಕದೆ ಏನೂ ಕಾಣುವುದಿಲ್ಲ.

ಬಣ್ಣದ ವಿಧಾನ ಸುಲಭದ್ದೇ. 1998ರಲ್ಲಿ ಫಿಯರ್‌ಹೈಲಿಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು: ಬೇರನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದಲ್ಲಿ ಕುದಿಸಿ ತಿಳಿಗೊಳಿಸಿ, ವಿನೆಗರಿಗೆ ಶೇ. 5ರಷ್ಟು ಪೆನ್ನಿನ ಶಾಯಿ ಬೆರೆಸಿ ಅದರಲ್ಲಿ ಕೆಲವು ನಿಮಿಷ ಕುದಿಸಿದರೆ ಆಯಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಟ್ರಿಪಾನ್ ಬ್ಲೂ ವಿಷಕಾರಿ ಬಣ್ಣ, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಮೆಕ್ಕೆಜೋಳ, ಹುಲ್ಲು, ಈರುಳ್ಳಿಯಂತಹ ಬಿಳಿ ಬೇರುಗಳಿಗೆ ಶಾಯಿ ಚೆನ್ನಾಗಿ ಒಪ್ಪುತ್ತದೆ. ನೇರಳೆಯ ಬೇರಿನಲ್ಲಿ ತುಂಬಿರುವುದು ಟ್ಯಾನಿನ್ ಎಂಬ ಒಗರು ಪದಾರ್ಥ. ಕುದಿಸಿದಷ್ಟೂ ನೀರು ಕಂದಾಗುತ್ತದೆ, ಬೇರು ಮಾತ್ರ ಕಪ್ಪಗೇ ಉಳಿಯುತ್ತದೆ. ಹಿತ್ತಿಲಿನ ಒಲೆಯ ಮೇಲಿನ ಪಾತ್ರೆಯನ್ನು ನೋಡಿ ಅತ್ತಿಗೆ, "ಇದು ಯಾವ ಕಾಯಿಲೆಯ ಕಷಾಯ ಭಾವ?" ಎಂದು ಕೇಳಿದರು. ನೆಗಡಿಯದ್ದಲ್ಲ ಎಂದು ಹೇಳಿ ಪಾತ್ರೆಯನ್ನು ಎತ್ತರದಲ್ಲಿಟ್ಟೆ. ಗಾಜಿನ ಪಾತ್ರೆಯನ್ನೇ ಬಳಸಿ, ಕ್ಷಾರ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಕ್ಷಾರ ಮಾರುವವರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಕಾರ್ಬೋನೇಟ್ ಆಗುತ್ತದೆ. ಅದನ್ನು ಸಡಿಲ ಮುಚ್ಚಳದ ಡಬ್ಬಿಯಲ್ಲಿ, ಆಷಾಢದ ಮಳೆಯಲ್ಲಿ, ಶಿರಸಿಗೆ ಕಳಿಸುವುದೇ? ಮಾತ್ರೆಗಳ ಬದಲು ಒಂದೇ ಒದ್ದೆ ಗಡ್ಡೆ ಬಂತು. ಫೋನ್ ಮಾಡಿದರೆ "ಕರಗಿಸಿಯೇ ಅಲ್ಲವೇ ಬಳಸುವುದು" ಎಂದರು. ತೂಕಕ್ಕೆ ಸರಿಯಾಗಿ ಶೇ. 10ರ ದ್ರಾವಣ ಮಾಡಿದರೂ ಒಳಗಿನ ಬಲ ಎಷ್ಟು ಉಳಿದಿದೆಯೆಂದು ಯಾರು ಹೇಳಬೇಕು? ಬಿಗಿ ಡಬ್ಬಿಯ ಹೊಸ ಮಾಲು ಬಂದ ಮೇಲೆ ಅದರ ಕೆಲಸವೇ ಬೇರೆಯಾಯಿತು. ದ್ರಾವಣ ಕಂದಾದಾಗಲೆಲ್ಲ ಚೆಲ್ಲಿ ಹೊಸದು ಹಾಕುತ್ತ ಹೋದರೆ ಕಪ್ಪು ಬೇರು ಕಡುಜೇನಿನ ಬಣ್ಣಕ್ಕೆ ಇಳಿಯುತ್ತದೆ. ಅಲ್ಲಿಗೆ ನಿಂತುಬಿಡುತ್ತದೆ.

ಅಲ್ಲಿಂದ ಮುಂದೆ ದಾರಿ ತೋರಿಸಿದ್ದು ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಅದಕ್ಕೆ ಅಮೋನಿಯಾ ಸೇರಿಸಬೇಕು. ಎರಡೂ ಶೇ. 0.5ರ ಆಸುಪಾಸಿನಲ್ಲಿರುವಂತೆ ನೀರಿನಲ್ಲಿ ಬೆರೆಸಿ, ಆಗಿಂದಾಗಲೇ ಬಳಸಬೇಕು, ಇಟ್ಟರೆ ಕಸುವು ಹೋಗುತ್ತದೆ. ಬೇರಿನ ಮೇಲೆ ಗುಳ್ಳೆ ಏಳುತ್ತದೆ, ಬಣ್ಣ ಕಣ್ಣೆದುರೇ ಬಿಡುತ್ತದೆ. ಇಲ್ಲಿ ಪಕ್ಕದಲ್ಲೇ ಕುಳಿತಿರಬೇಕು. ಹೆಚ್ಚಾದರೆ ತೊಗಟೆಯ ಪದರ ಕಳಚಿಹೋಗುತ್ತದೆ, ನಮಗೆ ಬೇಕಾದ ಶಿಲೀಂಧ್ರ ಇರುವುದೇ ಆ ಪದರದಲ್ಲಿ. ದಪ್ಪ ಬೇರುಗಳನ್ನು ಮುಟ್ಟದೆ ತುದಿಯ ಕಿರುಬೇರುಗಳನ್ನೇ ಆರಿಸುವುದೂ ಇದೇ ಕಾರಣಕ್ಕೆ.

ಆದರೂ ನೀಲಿ ನಿಲ್ಲುತ್ತಿರಲಿಲ್ಲ. ಕುದಿಯುವಾಗ ಹತ್ತುತ್ತಿತ್ತು, ತೊಳೆಯುವಾಗ ಮಾಯವಾಗುತ್ತಿತ್ತು. ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಗುಟ್ಟು ಶಾಯಿಯಲ್ಲಿತ್ತು. ತೊಳೆದರೆ ಹೋಗುವ ರಾಯಲ್ ಬ್ಲೂ ಶಾಯಿಗಳ ಬಣ್ಣ ಕ್ಷಾರದಲ್ಲಿ ಬಿಳಿಚಿಕೊಳ್ಳುತ್ತದೆ. ಕಿರುಬೇರಿನ ಒಳಗೆ ಉಳಿದ ಚೂರು ಕ್ಷಾರವೇ ಸಾಕು. ಪೆರಾಕ್ಸೈಡಿನ ನಂತರ ಚೆನ್ನಾಗಿ ತೊಳೆದು, ಬರಿಯ ವಿನೆಗರಿನಲ್ಲಿ ನೆನೆಸಿ, ಲಿಟ್ಮಸ್ ಕಾಗದ ಕೆಂಪಾಗುವುದನ್ನು ನೋಡಿಯೇ ಶಾಯಿಗೆ ಹಾಕಬೇಕು. ಕೊನೆಯಲ್ಲಿ ತೊಳೆಯುವ ನೀರಿಗೂ ಕೆಲವು ಹನಿ ವಿನೆಗರ್ ಬೇಕು. ಹೀಗೆ ಮಾಡಿದ ದಿನವೇ ಅರ್ಬಸ್ಕ್ಯೂಲ್ ಕಂಡದ್ದು. ಮೂಲ ಪ್ರಯೋಗದಲ್ಲಿ ಚೆನ್ನಾಗಿ ನಿಂತದ್ದು ಶೇಫರ್ ಕಪ್ಪು ಶಾಯಿ, ಆದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಜೆಲ್ ಪೆನ್ನುಗಳ ಗೋಡೆಯೇ ಇದೆ, ಬುಡ್ಡಿ ಶಾಯಿ ಕೇಳಿದರೆ ಹಳೆಯ ಪೆಟ್ಟಿಗೆ ಹುಡುಕುತ್ತಾರೆ.

ಈ ವಿಧಾನ ಕೈಗೆ ಹತ್ತಿದ ಮೇಲೆ ಇನ್ನೊಂದು ಕೆಲಸ ತಲೆಯಲ್ಲಿ ಕುಳಿತಿದೆ. ಕೊಳೆ ರೋಗಕ್ಕೆಂದು ನಾವು ತಲೆಮಾರುಗಳಿಂದ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತ ಬಂದಿದ್ದೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರ ಶಿಲೀಂಧ್ರನಾಶಕ, ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಅಡಿಕೆಯ ಬೇರಿಗೂ ಇದೇ ಬಗೆಯ ಶಿಲೀಂಧ್ರ ಬೇಕು. ಹಳೆಯ ತೋಟದ ಬೇರು, ಹೊಸ ತೋಟದ ಬೇರು, ದ್ರಾವಣ ಕಾಣದ ಹಿತ್ತಿಲ ಮರದ ಬೇರು, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸಬೇಕು. ತೋಟ ಇರುವವರು ಯಾರಾದರೂ ಜೊತೆಗೂಡಿದರೆ ಮುಂದಿನ ಮಳೆಗಾಲಕ್ಕೇ ಶುರು ಮಾಡುತ್ತೇನೆ.

ಸರಿ, ಪೆಟ್ಟಿಗೆಗೆ ಬರೋಣ. ಎರಡೂ ಸಸಿಗಳ ಬೇರಿನಲ್ಲಿ ಶಿಲೀಂಧ್ರ ಇದೆ ಎನ್ನುವುದು ಈಗ ಖಚಿತ. ಒಂದೇ ಜೀವಿ ಎರಡನ್ನೂ ಹೆಣೆದಿದೆ ಎನ್ನುವುದು ಇದರಿಂದ ಸಿದ್ಧವಾಗುವುದಿಲ್ಲ. ಮರಗಳು ಮಾತನಾಡುತ್ತವೆ ಎಂಬ ಮಾತು ಈಗ ಶಾಲೆಯ ಮಕ್ಕಳ ಬಾಯಲ್ಲೂ ಇದೆ, ಅದಕ್ಕೇ ಈ ಅಂತರವನ್ನು ಒತ್ತಿ ಹೇಳುತ್ತಿದ್ದೇನೆ. 1997ರಲ್ಲಿ ಸುಜಾನ್ ಸಿಮಾರ್ಡ್ ತಂಡ ಕೆನಡಾದ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ತೋರಿಸಿತು. ನೆರಳಿನಲ್ಲಿದ್ದ ಫರ್‌ಗೆ ಹೆಚ್ಚು ದಕ್ಕಿತ್ತು. 2010ರಲ್ಲಿ ಅಲ್ಲಿಯದೇ ಕಾಡಿನ 30 ಮೀಟರ್ ಉದ್ದಗಲದ ತುಂಡೊಂದರಲ್ಲಿ ಶಿಲೀಂಧ್ರಗಳ ಡಿಎನ್‌ಎ ಹಿಡಿದು ನಕ್ಷೆ ಬರೆದಾಗ, ಒಂದೇ ಮರಕ್ಕೆ 47 ಮರಗಳ ನಂಟು ಕಂಡಿತು. ಅವೆಲ್ಲ ಹೊರಗವಚದ ಶಿಲೀಂಧ್ರಗಳ ಕಥೆ. ನಮ್ಮ ನೇರಳೆಯದ್ದು ಒಳಹೊಕ್ಕ ಬಗೆ. 2023ರಲ್ಲಿ ಕಾರ್ಸ್ಟ್, ಜೋನ್ಸ್ ಮತ್ತು ಹೋಕ್ಸೆಮಾ ಎಲ್ಲ ಪುರಾವೆಗಳನ್ನೂ ಮತ್ತೆ ತೂಗಿ, ಕಾಡಿನೊಳಗಿನ ಜಾಲಗಳ ಬಗ್ಗೆ ಹೇಳುತ್ತಿರುವ ಹಲವು ಮಾತಿಗೆ ಆಧಾರ ಸಾಲದು ಎಂದರು. ಕೆಲವರಿಗೆ ಇದು ಬೇಸರ ತಂದಿತು. ನನಗೆ ಹುರುಪು ಬಂದಿತು, ಮಾಡಬೇಕಾದ ಕೆಲಸ ಇನ್ನೂ ಇದೆಯಲ್ಲ!

ಗಾಳಿಯ ಸಂದೇಶದ ಕಥೆ ಇನ್ನೂ ಹಳೆಯದು. 1983ರಲ್ಲಿ ಬಾಲ್ಡ್ವಿನ್ ಮತ್ತು ಶುಲ್ಟ್ಸ್, ಎಲೆ ಹರಿದ ಪಾಪ್ಲರ್ ಸಸಿಗಳ ಜೊತೆ ಒಂದೇ ಕೋಣೆಯಲ್ಲಿದ್ದ ಗಾಯವಿಲ್ಲದ ಸಸಿಗಳ ಎಲೆಯ ರಸಾಯನವೂ ಬದಲಾದದ್ದನ್ನು ವರದಿ ಮಾಡಿದರು. ಅದೇ 1983ರ ಸೆಪ್ಟೆಂಬರಿನಲ್ಲಿ ಇಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು, ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡರು, ಅದೇ ಅಪ್ಪಿಕೋ ಚಳವಳಿ. ಈ ಎರಡನ್ನೂ ಒಟ್ಟಿಗೆ ನೆನೆಸಿಕೊಂಡಾಗ ನಮ್ಮೂರಿನಲ್ಲಿ ಈ ಕೆಲಸ ಮಾಡುವುದು ನನಗೆ ಹೆಮ್ಮೆ ಎನಿಸುತ್ತದೆ.

ಗಾಳಿಯ ದಾರಿ ಇದೆ ಎಂದ ಮೇಲೆ ಅದನ್ನು ಮುಚ್ಚದೆ ಮಣ್ಣಿನ ದಾರಿಯನ್ನು ಅಳೆಯಲಾಗದು. 2013ರ ಬಾಬಿಕೋವಾ ತಂಡದ ಅವರೆಜಾತಿಯ ಫಾಬಾ ಗಿಡಗಳ ಪ್ರಯೋಗ ನನಗೆ ಮಾದರಿ. ಅವರು ಗಿಡಗಳಿಗೆ ಚೀಲ ಕಟ್ಟಿ ಗಾಳಿಯನ್ನು ಬೇರ್ಪಡಿಸಿದರು. 40 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಜಾಲರಿ ಎಳೆಯನ್ನು ಬಿಟ್ಟಿತು, 0.5 ಮೈಕ್ರಾನ್ ಜಾಲರಿ ಎಳೆಯನ್ನೂ ತಡೆಯಿತು. ಸಸ್ಯಹೇನು ಬಿದ್ದ ಗಿಡದೊಂದಿಗೆ ಎಳೆಯ ನಂಟಿದ್ದ ಗಿಡಗಳು ಮಾತ್ರ ಹೇನನ್ನು ದೂರವಿಡುವ ವಾಸನೆ ಬಿಟ್ಟವು. ನನಗೆ 40 ಮೈಕ್ರಾನ್ ಎಂದು ಹೇಳಿ ಒಬ್ಬ ವ್ಯಾಪಾರಿ ಕಳಿಸಿದ ಬಟ್ಟೆಯ ಕಣ್ಣನ್ನು ಅಳತೆಗಾಜಿನ ಮೇಲಿಟ್ಟು ನೋಡಿದರೆ ನೂರನ್ನೂ ಮೀರಿತ್ತು. ದುಡ್ಡು ವಾಪಸು ಕೇಳಿದ್ದೇನೆ, ಉತ್ತರವಿಲ್ಲ. ಜಾಲರಿ ಕೊಳ್ಳುವವರು ಮೊದಲು ಅಂಗೈಯಗಲದ ಮಾದರಿ ತರಿಸಿ ಅಳೆಯಿರಿ.

ಹುಬ್ಬಳ್ಳಿಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಸಿಕ್ಕ ಅತಿ ನುಣುಪಿನ ಬಟ್ಟೆ ನಲವತ್ತರ ಹತ್ತಿರಕ್ಕೆ ಬರುತ್ತಿದೆ. ಎಳೆ ತಡೆಯುವ ಜಾಲರಿ ಸಿಗುವ ತನಕ ಬೇರೆ ಉಪಾಯ ಮಾಡುತ್ತೇನೆ. ಒಂದು ಸಸಿಯನ್ನು ಬಟ್ಟೆ ಸುತ್ತಿದ ಕೊಳವೆಯಲ್ಲಿ ನೆಟ್ಟು, ಆಗಾಗ ಕೊಳವೆಯನ್ನು ತುಸು ತಿರುಗಿಸಿದರೆ ದಾಟಿದ ಎಳೆಗಳು ತುಂಡಾಗುತ್ತವೆ. ತಿರುಗಿಸುವ ಕೊಳವೆ, ತಿರುಗಿಸದ ಕೊಳವೆ, ಎರಡು ಬಗೆಯ ಪೆಟ್ಟಿಗೆಗಳಿಗೂ ಈಗ ಮಣ್ಣು ತುಂಬುತ್ತಿದ್ದೇನೆ.