ಬಿಡುಗಡೆಯ ದುಡ್ಡು ಬೇಡ ಎಂದ ಸಂತ

ಏಪ್ರಿಲ್ 19 ಸಂತ ಆಲ್ಫೆಜ್‌ರ ಹಬ್ಬ. ನಮ್ಮ ಕಡೆ ಈ ಹೆಸರು ಕೇಳಿದವರೇ ಕಡಿಮೆ. ಕೆಲವು ವರ್ಷ ಈ ದಿನ ಈಸ್ಟರ್ ವಾರದೊಳಗೇ ಬೀಳುತ್ತದೆ, ಆಗಂತೂ ಚರ್ಚಿನ ಬಲಿಪೂಜೆಯಲ್ಲಿ (ಮಾಸ್‌ನಲ್ಲಿ) ಇವರ ಸ್ಮರಣೆಗೆ ಜಾಗವೇ ಸಿಗುವುದಿಲ್ಲ. ಇವರು ಪ್ರಾಣ ಕೊಟ್ಟಿದ್ದೂ ಅಂಥದ್ದೇ ವಾರದಲ್ಲಿ, 1012ರ ಈಸ್ಟರ್ ಆದ ಮೇಲಿನ ಶನಿವಾರ.

ಇಂಗ್ಲೆಂಡಿನವರು. ಮಠ ಸೇರಿದವರು, 984ರಲ್ಲಿ ವಿಂಚೆಸ್ಟರ್‌ಗೆ ಧರ್ಮಾಧ್ಯಕ್ಷರಾದರು, 1006ರಲ್ಲಿ ಕ್ಯಾಂಟರ್ಬರಿಗೆ ಮಹಾಧರ್ಮಾಧ್ಯಕ್ಷರು. ಅದು ಡೇನರು, ಅಂದರೆ ಡೆನ್ಮಾರ್ಕ್ ಕಡೆಯ ದಾಳಿಕೋರರು, ಹಡಗಿನಲ್ಲಿ ಬಂದು ಊರೂರು ಕೊಳ್ಳೆ ಹೊಡೆಯುತ್ತಿದ್ದ ಕಾಲ. 1011ರ ಸೆಪ್ಟೆಂಬರ್‌ನಲ್ಲಿ ಕ್ಯಾಂಟರ್ಬರಿಗೇ ನುಗ್ಗಿದರು. ಊರನ್ನು ಶತ್ರುಗಳಿಗೆ ಬಿಟ್ಟುಕೊಟ್ಟವನು ಎಲ್ಫ್‌ಮಾರ್ ಎಂಬಾತ. ಹಿಂದೊಮ್ಮೆ ಅವನ ಜೀವ ಉಳಿಸಿದ್ದು ಇದೇ ಆಲ್ಫೆಜ್. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಅಲ್ವಾ?

ಡೇನರು ಅವರನ್ನು ಏಳು ತಿಂಗಳು ಸೆರೆಯಲ್ಲಿಟ್ಟುಕೊಂಡರು. ದೇಶ ಕಪ್ಪವಾಗಿ 48,000 ಪೌಂಡ್ ಬೆಳ್ಳಿ ತೆತ್ತಿತು ಅಂತ ಅಲ್ಲಿನ ಹಳೆಯ ವಾರ್ಷಿಕ ದಾಖಲೆ ಹೇಳುತ್ತದೆ. ಆದರೂ ಅವರನ್ನು ಬಿಡಲಿಲ್ಲ, ಅವರಿಗಾಗಿ ಬೇರೆ ದುಡ್ಡು ಬೇಕು ಅಂದರು. ಆಲ್ಫೆಜ್ ಒಪ್ಪಲೇ ಇಲ್ಲ. ತನಗಾಗಿ ಯಾರೂ ಏನೂ ಕೊಡಬಾರದು ಅಂತ ತಡೆದುಬಿಟ್ಟರು. ಕೊಡುವುದಾದರೆ ಆ ದುಡ್ಡು ಎಲ್ಲಿಂದ ಬರಬೇಕಿತ್ತು ಹೇಳಿ. ಮಠದ ಜಮೀನು ಉಳುವವರ ಹತ್ತಿರ ವಸೂಲಿ ಮಾಡಬೇಕಿತ್ತು, ಕಪ್ಪ ಕಟ್ಟಿ ಕಟ್ಟಿ ಅವರು ಅದಾಗಲೇ ಸೋತುಹೋಗಿದ್ದರು.

ಆ ಶನಿವಾರ ಗ್ರೀನಿಚ್‌ನಲ್ಲಿ ಡೇನರ ಊಟ ನಡೆದಿತ್ತು. ದಕ್ಷಿಣದಿಂದ ದ್ರಾಕ್ಷಾರಸ ಬಂದಿತ್ತು, ಚೆನ್ನಾಗಿ ಕುಡಿದಿದ್ದರು. ಸಿಟ್ಟಿನಲ್ಲಿ ಆಲ್ಫೆಜ್‌ರನ್ನು ಎಳೆದು ತಂದು, ತಿಂದುಳಿದ ಎತ್ತಿನ ಮೂಳೆ, ತಲೆಬುರುಡೆಗಳಿಂದಲೇ ಹೊಡೆದರು. ಕೊನೆಗೆ ಒಬ್ಬ ಕೊಡಲಿಯ ಹಿಂಭಾಗದಿಂದ ತಲೆಗೆ ಬಾರಿಸಿದ. ಹಿಂದಿನ ದಿನವಷ್ಟೇ ಆಲ್ಫೆಜ್ ಅವನಿಗೆ ಕ್ರೈಸ್ತ ವಿಶ್ವಾಸದಲ್ಲಿ ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರ ಕೊಟ್ಟಿದ್ದರಂತೆ, ಅವರ ನರಳಾಟ ನೋಡಲಾಗದೆ ಕನಿಕರಕ್ಕೆ ಹಾಗೆ ಮಾಡಿದ ಅಂತಲೂ ಹೇಳುತ್ತಾರೆ. ಡೇನರ ನಾಯಕ ಥೋರ್ಕೆಲ್, ನನ್ನ ಹಡಗೊಂದು ಬಿಟ್ಟು ಏನು ಬೇಕಾದರೂ ತಗೊಳ್ಳಿ, ಅವರನ್ನು ಮುಟ್ಟಬೇಡಿ ಅಂತ ತನ್ನವರನ್ನೇ ಬೇಡಿಕೊಂಡನಂತೆ. ಕುಡಿದವರು ಕೇಳುತ್ತಾರಾ?

ಮುಂದೆ ಲ್ಯಾನ್‌ಫ್ರಾಂಕ್ ಎಂಬ ಮಹಾಧರ್ಮಾಧ್ಯಕ್ಷರು ಒಂದು ತಕರಾರು ತೆಗೆದರು. ಕ್ರಿಸ್ತನನ್ನು ನಿರಾಕರಿಸು ಅಂತ ಇವರಿಗೆ ಯಾರೂ ಹೇಳಲಿಲ್ಲ, ದುಡ್ಡು ಕೊಡದೆ ಸತ್ತವರು ರಕ್ತಸಾಕ್ಷಿ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು, ಹೇಗಾಗುತ್ತಾರೆ? ಸಂತ ಆನ್ಸೆಲ್ಮ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಸ್ನಾನಿಕ ಯೊವಾನ್ನರಿಗೂ ಹಾಗೆ ಯಾರೂ ಹೇಳಿರಲಿಲ್ಲ, ಅವರು ಸತ್ಯಕ್ಕಾಗಿ ಸತ್ತರು. ಆಲ್ಫೆಜ್ ನ್ಯಾಯಕ್ಕಾಗಿ ಸತ್ತರು. ಕ್ರಿಸ್ತನೇ ಸತ್ಯ, ಕ್ರಿಸ್ತನೇ ನ್ಯಾಯ ಎಂದ ಮೇಲೆ ಇಬ್ಬರೂ ಅವನಿಗಾಗಿಯೇ ಸತ್ತ ಹಾಗೆ. ಲ್ಯಾನ್‌ಫ್ರಾಂಕ್ ಒಪ್ಪಿಕೊಂಡರು.

ನಾವು ಹರಕೆ ಹೊರುವಾಗ ಸಾಮಾನ್ಯವಾಗಿ ನಮ್ಮ ಕಷ್ಟ ಕಳೆಯಲಿ ಅಂತಲೇ ಕೇಳುತ್ತೇವೆ, ನಾನೂ ಅಷ್ಟೇ. ಇವರ ಹಬ್ಬದ ದಿನ ಮಾತ್ರ ಬೇರೆ ಪ್ರಾರ್ಥನೆ ಮಾಡುತ್ತೇನೆ: ಸ್ವಾಮಿ, ನನ್ನ ಕಷ್ಟದ ಖರ್ಚು ನನಗಿಂತ ಬಡವರ ತಲೆಗೆ ಹೋಗದಿರಲಿ. ಹೇಳುವಾಗ ಸ್ವಲ್ಪ ಹೆದರಿಕೆ ಆಗುತ್ತದೆ, ಸುಳ್ಳೇಕೆ.